ಅಪಸ್ಮಾರದ ಸ್ಪೈಕ್ ಎಲ್ಲಿಂದ ಹೊರಟಿತು: ಇಇಜಿ ಮತ್ತು ಎಂಇಜಿ ದಾಖಲೆಗಳಿಂದ ಮೂಲವನ್ನು ಗುರುತಿಸುವ ಕ್ರಮ

ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟು ನೋಡಿದ ಮೇಲೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎಂದು ವೈದ್ಯರು ಪರಿಗಣಿಸುತ್ತಾರೆ. ಅಪಸ್ಮಾರವುಳ್ಳವರಲ್ಲಿ ಸುಮಾರು ಮೂರನೆಯ ಒಂದು ಭಾಗದವರ ಪಾಡು ಇದು. ಇವರ ಪೈಕಿ ಸೆಳವು ಮಿದುಳಿನ ಒಂದೇ ಜಾಗದಿಂದ ಹೊರಡುವವರಿಗೆ ಶಸ್ತ್ರಚಿಕಿತ್ಸೆಯಿಂದ ಬಿಡುಗಡೆ ಸಿಗುವ ಸಾಧ್ಯತೆ ಇದೆ. ಆದರೆ ಆ ಜಾಗ ಯಾವುದೆಂದು ಮೊದಲು ಗೊತ್ತಾಗಬೇಕು. ಎಂಆರ್‌ಐ ಚಿತ್ರದಲ್ಲಿ ಹಳೆಯ ಗಾಯದ ಕಲೆಯೋ ಗಡ್ಡೆಯೋ ಸ್ಪಷ್ಟವಾಗಿ ಕಂಡರೆ ದಾರಿ ಸುಲಭ. ಚಿತ್ರ ಸಹಜವಾಗಿದ್ದಾಗ, ಅಥವಾ ಎರಡು ಮೂರು ಕಡೆ ದೋಷ ಕಂಡು ಅವುಗಳಲ್ಲಿ ಯಾವುದು ಸೆಳವಿಗೆ ಕಾರಣವೆಂದು ತೀರ್ಮಾನಿಸಲಾಗದಿದ್ದಾಗ, ತಲೆಯ ಹೊರಗೆ ಅಳೆದ ಮಿದುಳಿನ ವಿದ್ಯುತ್ (ಇಇಜಿ) ಮತ್ತು ಕಾಂತೀಯ (ಎಂಇಜಿ) ಸಂಕೇತಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಮೂಲವನ್ನು ಹುಡುಕುವ ವಿಧಾನ ನೆರವಿಗೆ ಬರುತ್ತದೆ.

ಇಇಜಿ ವಿಭಾಗಗಳಲ್ಲಿ ಕೆಲಸ ಮಾಡುವ ತಂತ್ರಜ್ಞರು, ನರವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಈ ಕ್ಷೇತ್ರಕ್ಕೆ ಬರುವ ಎಂಜಿನಿಯರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ಹೊಸಬರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಯಾವ ಗಣಿತ ವಿಧಾನ ಒಳ್ಳೆಯದು ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಯಾವ ಸ್ಪೈಕ್‌ಗಳನ್ನು, ಅಂದರೆ ದಾಖಲೆಯಲ್ಲಿ ಕ್ಷಣಕಾಲ ಚೂಪಾಗಿ ಏಳುವ ಯಾವ ಅಲೆಗಳನ್ನು ಆರಿಸಿದಿರಿ, ಆ ಸ್ಪೈಕಿನ ಯಾವ ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಂಡಿರಿ ಎಂಬುದೇ ಉತ್ತರದ ಬಹುಪಾಲನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಬರಹದಲ್ಲಿ ಹೆಚ್ಚು ಜಾಗವನ್ನು ಆ ಆಯ್ಕೆಗೇ ಕೊಟ್ಟಿದ್ದೇನೆ.

ಸಂವೇದಕಕ್ಕೆ ತಲುಪುವುದು ಏನು

ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಪಿರಮಿಡ್ ಆಕಾರದ ನರಕೋಶಗಳು ಒಂದರ ಪಕ್ಕ ಒಂದು, ಮೇಲ್ಮೈಗೆ ಲಂಬವಾಗಿ ನಿಂತಿರುತ್ತವೆ. ಅಪಸ್ಮಾರದ ಸ್ಪೈಕ್ ಉಂಟಾಗುವಾಗ ಇಂತಹ ಅಸಂಖ್ಯಾತ ಕೋಶಗಳಲ್ಲಿ ಏಕಕಾಲಕ್ಕೆ ಒಂದೇ ದಿಕ್ಕಿನಲ್ಲಿ ಪ್ರವಾಹ ಹರಿಯುತ್ತದೆ. ಒಂದು ಕೋಶದ ಪ್ರವಾಹ ಹೊರಗೆ ಕಾಣುವುದಿಲ್ಲ. ಕಾರ್ಟೆಕ್ಸ್‌ನ ಸುಮಾರು 10 ಚದರ ಸೆಂಟಿಮೀಟರ್ ಭಾಗ ಒಟ್ಟಾಗಿ ಕೆಲಸ ಮಾಡಿದಾಗ ಮಾತ್ರ ತಲೆಯ ಚರ್ಮದ ಮೇಲಿನ ಇಇಜಿಯಲ್ಲಿ ಸ್ಪೈಕ್ ಎದ್ದು ಕಾಣುತ್ತದೆ. ಎಂಇಜಿಗೆ ಇದಕ್ಕಿಂತ ಕಡಿಮೆ ವಿಸ್ತೀರ್ಣವೂ ಸಾಕಾಗಬಹುದು. ಹೀಗಾಗಿ ನಾವು ಹುಡುಕುತ್ತಿರುವುದು ಬಿಂದುವನ್ನಲ್ಲ, ಒಂದು ಹರಹನ್ನು. ಪರದೆಯ ಮೇಲೆ ಚಿಕ್ಕ ಚುಕ್ಕೆಯಾಗಿ ಮೂಡುವ ಡೈಪೋಲ್, ಅಂದರೆ ಲೆಕ್ಕಕ್ಕಾಗಿ ಬಿಂದುವೆಂದು ಭಾವಿಸಿದ ಪ್ರವಾಹದ ಮೂಲ, ಆ ಹರಹಿನ ಕೇಂದ್ರವನ್ನಷ್ಟೇ ಸೂಚಿಸುತ್ತದೆ.

ಪ್ರವಾಹದ ದಿಕ್ಕು ಬಹಳ ಮುಖ್ಯ. ಗೈರಸ್ ಎಂದು ಕರೆಯುವ ಉಬ್ಬಿನ ನೆತ್ತಿಯಲ್ಲಿ ಪ್ರವಾಹ ತಲೆಬುರುಡೆಯತ್ತ ನೇರವಾಗಿರುತ್ತದೆ. ಸಲ್ಕಸ್ ಎಂದು ಕರೆಯುವ ತಗ್ಗಿನ ಗೋಡೆಗಳಲ್ಲಿ ಅದು ಬುರುಡೆಗೆ ಸಮಾಂತರವಾಗಿರುತ್ತದೆ. ಎಂಇಜಿ ಈ ಎರಡನೆಯ ಬಗೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮೊದಲನೆಯದಕ್ಕೆ ಬಹುತೇಕ ಕುರುಡು. ಇಇಜಿ ಎರಡನ್ನೂ ಕಾಣುತ್ತದೆ, ಆದರೆ ವಿದ್ಯುತ್ತನ್ನು ಸುಲಭವಾಗಿ ಬಿಡದ ತಲೆಬುರುಡೆ ಅದರ ಚಿತ್ರವನ್ನು ಹರಡಿ ಮಸುಕಾಗಿಸುತ್ತದೆ. ಕಾಂತಕ್ಷೇತ್ರಕ್ಕೆ ಬುರುಡೆಯ ಅಡ್ಡಿ ಇಲ್ಲ. ಒಂದರಲ್ಲಿ ಕಂಡ ಸ್ಪೈಕ್ ಇನ್ನೊಂದರಲ್ಲಿ ಕಾಣದಿರುವುದು ಅಪರೂಪವೇನಲ್ಲವಾದ್ದರಿಂದ ಎರಡನ್ನೂ ಒಟ್ಟಿಗೆ ದಾಖಲಿಸುವುದು ಉತ್ತಮ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಂತಹ ಕೆಲವೇ ಕಡೆ ಎಂಇಜಿ ಇರುವುದರಿಂದ, ನಮ್ಮ ಬಹುಪಾಲು ರೋಗಿಗಳ ವಿಷಯದಲ್ಲಿ ಕೈಗೆ ಸಿಗುವುದು ಇಇಜಿ ಮಾತ್ರ. ಅದನ್ನಾದರೂ ಚೆನ್ನಾಗಿ ದಾಖಲಿಸಿದರೆ ಬಹಳಷ್ಟು ತಿಳಿಯುತ್ತದೆ.

ದಾಖಲಿಸುವ ದಿನ

ಇಇಜಿಗೆ ಬರುವವರು ಹಿಂದಿನ ದಿನವೇ ಶಾಂಪೂ ಹಾಕಿ ತಲೆಸ್ನಾನ ಮಾಡಿರಬೇಕು. ಕೂದಲಿಗೆ ಎಣ್ಣೆ ಹಚ್ಚಿರಬಾರದು. ಕೊಬ್ಬರಿ ಎಣ್ಣೆಯ ತೆಳುಪದರವೂ ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆಯನ್ನು ಹೆಚ್ಚಿಸುತ್ತದೆ. ಪೇಸ್ಟ್ ಹಾಕಿ ಅಂಟಿಸುವ ಎಲೆಕ್ಟ್ರೋಡ್‌ಗಳಲ್ಲಿ ಈ ತಡೆಯನ್ನು 5 ಕಿಲೊಓಮ್‌ಗಿಂತ ಕೆಳಗೆ ತರುವುದು ವಾಡಿಕೆ. ಉಪ್ಪುನೀರಿನಲ್ಲಿ ಅದ್ದಿ ತೊಡಿಸುವ 128 ಅಥವಾ 256 ಎಲೆಕ್ಟ್ರೋಡ್‌ಗಳ ಬಲೆಗೆ ಆ ಮಟ್ಟ ಸಿಗುವುದಿಲ್ಲ. ಅಲ್ಲಿ ಹತ್ತಾರು ಕಿಲೊಓಮ್‌ವರೆಗೂ ಒಪ್ಪಿಕೊಳ್ಳುತ್ತಾರೆ.

ಎಷ್ಟು ಎಲೆಕ್ಟ್ರೋಡ್ ಬೇಕು ಎಂಬುದಕ್ಕಿಂತ ಅವು ಎಲ್ಲಿವೆ ಎಂಬುದು ಮೊದಲು ನೋಡಬೇಕಾದ ವಿಷಯ. ತಲೆಯ ಮೇಲೆ ಎಲೆಕ್ಟ್ರೋಡ್‌ಗಳ ಸ್ಥಾನ ಗುರುತಿಸುವ 10–20 ಪದ್ಧತಿಯ ಹಳೆಯ 19 ಎಲೆಕ್ಟ್ರೋಡ್‌ಗಳ ಜೋಡಣೆ ತಲೆಯ ಮೇಲರ್ಧವನ್ನಷ್ಟೇ ಆವರಿಸುತ್ತದೆ. ದೊಡ್ಡವರಲ್ಲಿ ಫೋಕಲ್ ಅಪಸ್ಮಾರ, ಅಂದರೆ ಮಿದುಳಿನ ಒಂದು ಜಾಗದಿಂದ ಹೊರಡುವ ಬಗೆ, ಅತಿ ಹೆಚ್ಚಾಗಿ ಕಾಣುವ ಕಿವಿಯ ಬದಿಯ ಟೆಂಪೊರಲ್ ಹಾಲೆಯ (ಲೋಬ್) ತಳಭಾಗ ಅದರ ಕೆಳಗೆ ಉಳಿದುಬಿಡುತ್ತದೆ. ಈ ಕಾರಣಕ್ಕೆ ಕಿವಿ ಮತ್ತು ಕೆನ್ನೆಯ ಮಟ್ಟದ ಎಫ್9, ಟಿ9, ಪಿ9 ಹಾಗೂ ಬಲಬದಿಯ ಎಫ್10, ಟಿ10, ಪಿ10 ಸ್ಥಾನಗಳನ್ನು ಸೇರಿಸಿ ಒಟ್ಟು 25 ಎಲೆಕ್ಟ್ರೋಡ್‌ಗಳನ್ನು ಬಳಸಬೇಕೆಂದು ಅಂತರರಾಷ್ಟ್ರೀಯ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಒಕ್ಕೂಟ 2017ರಲ್ಲಿ ಶಿಫಾರಸು ಮಾಡಿತು. ಹಣವೂ ಉಪಕರಣವೂ ಸೀಮಿತವಾಗಿರುವ ಆಸ್ಪತ್ರೆಗಳು ಬೇರೇನನ್ನೂ ಮಾಡಲಾಗದಿದ್ದರೂ ಈ ಆರು ಎಲೆಕ್ಟ್ರೋಡ್‌ಗಳನ್ನು ಸೇರಿಸಲಿ ಎಂಬುದು ನನ್ನ ಒತ್ತಾಯ. ಸಂವೇದಕವೇ ಇಲ್ಲದ ಕಡೆಯ ಮಾಹಿತಿಯನ್ನು ಯಾವ ಗಣಿತವೂ ಸೃಷ್ಟಿಸಿ ಕೊಡಲಾರದು.

ರೋಗಿಯ ಹಿಂದಿನ ರಾತ್ರಿಯ ನಿದ್ದೆಯನ್ನು ಕಡಿಮೆ ಮಾಡಿಸಿ, ದಾಖಲೆಯ ಹೊತ್ತಿನಲ್ಲಿ ಸ್ವಲ್ಪ ಕಾಲವಾದರೂ ನಿದ್ದೆ ಬರುವಂತೆ ನೋಡಿಕೊಳ್ಳಬೇಕು. ಕನಸಿಲ್ಲದ ನಿದ್ದೆಯ ಹಂತಗಳಲ್ಲಿ ಸ್ಪೈಕ್‌ಗಳು ಹೆಚ್ಚುತ್ತವೆ, ಸ್ನಾಯುಗಳ ಗದ್ದಲ ಅಡಗುತ್ತದೆ. ಔಷಧ ಕಡಿಮೆ ಮಾಡಿ ದಾಖಲಿಸುವುದಾದರೆ ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕು. ಮನೆಯಲ್ಲಿ ಮಾತ್ರೆ ಬಿಟ್ಟು ಬರುವಂತೆ ಯಾರಿಗೂ ಹೇಳಬಾರದು.

ಎಂಇಜಿಯಲ್ಲಿ ಶತ್ರು ಬೇರೆಯದು. ಸ್ಪೈಕಿನ ಕಾಂತಕ್ಷೇತ್ರ ಸುಮಾರು ಒಂದು ಪಿಕೊಟೆಸ್ಲಾದಷ್ಟು. ನಮ್ಮ ಸುತ್ತಲಿನ ಭೂಮಿಯ ಕಾಂತಕ್ಷೇತ್ರ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ದೊಡ್ಡದು. ಆದ್ದರಿಂದಲೇ ಕಾಂತೀಯ ಕವಚವುಳ್ಳ ಕೋಣೆ, −269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಮುಳುಗಿರುವ ಸ್ಕ್ವಿಡ್ ಸಂವೇದಕಗಳು, ಇಷ್ಟೆಲ್ಲ ವ್ಯವಸ್ಥೆ. ಕೋಣೆಯೊಳಗೆ ಕರೆದೊಯ್ಯುವ ಮುನ್ನ ತಾಳಿ, ಕಾಲುಂಗುರ, ಮೂಗುತಿ, ಬಳೆ, ಹೇರ್‌ಪಿನ್, ಉಡಿದಾರದಲ್ಲಿ ಕಟ್ಟಿದ ತಾಯಿತ, ಜರಿ ಇರುವ ಬಟ್ಟೆ, ಲೋಹದ ಕೊಕ್ಕೆಯ ಒಳಉಡುಪು ಎಲ್ಲವನ್ನೂ ತೆಗೆಸಬೇಕು. ಕಣ್ಣಿನ ಕೆಲವು ಪ್ರಸಾಧನಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಮುಖ ತೊಳೆಸುವುದು ಒಳ್ಳೆಯದು. ಪ್ರತಿ ರೆಪ್ಪೆಬಡಿತಕ್ಕೂ ಅದು ದೊಡ್ಡ ಅಲೆ ಎಬ್ಬಿಸುತ್ತದೆ. ತಾಳಿ ಮತ್ತು ಕಾಲುಂಗುರ ತೆಗೆಯಲು ಅನೇಕ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಹಿಂದಿನ ದಿನವೇ ಕಾರಣ ತಿಳಿಸಿ, ಅರಿಶಿನದ ದಾರ ಕಟ್ಟಿಕೊಂಡು ಬರಬಹುದೆಂದು ಹೇಳಿದರೆ ಬೆಳಗ್ಗೆ ಯಾರಿಗೂ ಮುಜುಗರವಿಲ್ಲ. ಹಲ್ಲಿನ ತಂತಿ, ವೇಗಸ್ ನರದ ಸ್ಟಿಮ್ಯುಲೇಟರ್‌ನಂತಹ ತೆಗೆಯಲಾಗದ ಲೋಹವಿದ್ದರೆ ಅದನ್ನು ದಾಖಲೆಯಲ್ಲಿ ಬರೆದಿಡಬೇಕು. ಟಿಎಸ್‌ಎಸ್‌ಎಸ್ ಎಂಬ ಶುದ್ಧೀಕರಣ ವಿಧಾನದಿಂದ ಅಂತಹ ಗದ್ದಲವನ್ನು ಸಾಕಷ್ಟು ತಗ್ಗಿಸಬಹುದು.

ರೋಗಿ ಬರುವ ಮುನ್ನ ಅಥವಾ ಹೋದ ಮೇಲೆ, ಅದೇ ದಿನ, ಖಾಲಿ ಕೋಣೆಯ ಕೆಲವು ನಿಮಿಷಗಳ ದಾಖಲೆ ತೆಗೆದಿಟ್ಟುಕೊಳ್ಳಬೇಕು. ಮುಂದೆ ಗದ್ದಲದ ಅಂದಾಜಿಗೆ ಅದು ಬೇಕಾಗುತ್ತದೆ, ಮತ್ತು ಆ ದಿನ ಕಳೆದ ಮೇಲೆ ಅದನ್ನು ಮತ್ತೆ ಪಡೆಯಲಾಗುವುದಿಲ್ಲ.

ತಲೆಯ ಆಕಾರ, ಎಂಆರ್‌ಐ, ಎಡ ಮತ್ತು ಬಲ

ಸಂವೇದಕಗಳು ತಲೆಯ ಯಾವ ಜಾಗದಲ್ಲಿದ್ದವು ಎಂಬುದನ್ನು ರೋಗಿಯ ಸ್ವಂತ ಎಂಆರ್‌ಐ ಚಿತ್ರದೊಂದಿಗೆ ಹೊಂದಿಸಬೇಕು. ಮೂಗಿನ ಬುಡ ಮತ್ತು ಎರಡು ಕಿವಿಗಳ ಮುಂದಿನ ಬಿಂದುಗಳನ್ನು ಮೂರು ಆಯಾಮದ ಪೆನ್ನಿನಿಂದ ಗುರುತಿಸಿ, ಅದರೊಂದಿಗೆ ನೆತ್ತಿ, ಹಣೆ, ಹುಬ್ಬಿನ ಮೂಳೆ, ಮೂಗಿನ ಏಣಿನ ಮೇಲೆ ನೂರಿನ್ನೂರು ಬಿಂದುಗಳನ್ನು ತೆಗೆದುಕೊಳ್ಳಬೇಕು. ತಲೆಯ ಹಿಂಭಾಗ ನುಣುಪಾದ ಗುಂಡು. ಅಲ್ಲಿ ಎಷ್ಟೇ ಬಿಂದು ತೆಗೆದರೂ ತಲೆ ತಿರುಗಿರುವುದು ಗೊತ್ತಾಗುವುದಿಲ್ಲ. ಮೂಗು ಮತ್ತು ಹುಬ್ಬಿನ ಏರಿಳಿತವೇ ಹೊಂದಾಣಿಕೆಯನ್ನು ಬಿಗಿಗೊಳಿಸುವುದು. ಹೊಂದಾಣಿಕೆಯ ತಪ್ಪು 3–4 ಮಿಲಿಮೀಟರ್ ದಾಟಿದರೆ ಮತ್ತೆ ಮಾಡುವುದೇ ಲೇಸು. ಎಂಇಜಿಯಲ್ಲಿ ತಲೆ ಹೆಲ್ಮೆಟ್ಟಿನೊಳಗೆ ಅಲುಗಾಡುವುದರಿಂದ, ತಲೆಗೆ ಅಂಟಿಸಿದ ಪುಟ್ಟ ಸುರುಳಿಗಳ ಮೂಲಕ ಅದರ ಸ್ಥಾನವನ್ನು ದಾಖಲೆಯುದ್ದಕ್ಕೂ ಹಿಂಬಾಲಿಸಬೇಕು.

ಎಂಆರ್‌ಐ ಒಂದು ಮಿಲಿಮೀಟರ್ ಘನದ ಮೂರು ಆಯಾಮದ ಟಿ1 ಚಿತ್ರವಾಗಿರಬೇಕು, ಜೊತೆಗೆ ಮೂರು ಆಯಾಮದ ಫ್ಲೇರ್ ಚಿತ್ರವೂ ಇರಬೇಕು. ಮೂಗು ಮತ್ತು ಕಿವಿ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಬಾರದು; ಇದನ್ನು ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳದಿದ್ದರೆ ಸಾಮಾನ್ಯವಾಗಿ ಕತ್ತರಿಸಿಯೇ ಬರುತ್ತದೆ.

ಎಡ–ಬಲದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ರೇಡಿಯಾಲಜಿಯ ವಾಡಿಕೆಯಲ್ಲಿ ರೋಗಿಯ ಬಲಭಾಗ ಪರದೆಯ ಎಡಕ್ಕೆ ಬರುತ್ತದೆ. ಅನೇಕ ಮಿದುಳು ಸಂಶೋಧನಾ ತಂತ್ರಾಂಶಗಳಲ್ಲಿ ಬಲ ಬಲಕ್ಕೇ ಇರುತ್ತದೆ. ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವಾಗ ಬದಿಗಳು ಅದಲುಬದಲಾದರೆ ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ, ಏಕೆಂದರೆ ಮಿದುಳಿನ ಎರಡು ಅರ್ಧಗಳು ನೋಡಲು ಒಂದೇ ರೀತಿ. ಸ್ಕ್ಯಾನ್ ಮಾಡುವಾಗ ಬಲ ಕಿವಿಯ ಮುಂದೆ ಒಂದು ವಿಟಮಿನ್ ಇ ಕ್ಯಾಪ್ಸೂಲನ್ನು ಟೇಪಿನಿಂದ ಅಂಟಿಸಿದರೆ ಟಿ1 ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ವಿಶ್ಲೇಷಣೆಯ ಕೊನೆಯ ಚಿತ್ರದಲ್ಲೂ ಆ ಹೊಳಪು ಬಲಬದಿಯಲ್ಲೇ ಇದೆಯೆಂದು ನೋಡಿಕೊಂಡ ಮೇಲೆಯೇ ವರದಿಗೆ ಸಹಿ ಹಾಕಬೇಕು.

ಸ್ಪೈಕ್ ಆರಿಸುವುದು

ಮೊದಲು ಶೋಧಕಗಳ (ಫಿಲ್ಟರ್) ಮಾತು. ಸ್ಪೈಕ್ ನೋಡಲು 1ರಿಂದ 70 ಹರ್ಟ್ಸ್‌ವರೆಗಿನ ಪಟ್ಟಿ ಸಾಮಾನ್ಯವಾಗಿ ಸಾಕು. ನಮ್ಮ ದೇಶದ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಗುನುಗನ್ನು ಬೇರೆಯಾಗಿ ತೆಗೆಯಬಹುದು. ಶೋಧಕ ಅಲೆಯನ್ನು ಕಾಲದಲ್ಲಿ ಹಿಂದೆ ಮುಂದೆ ತಳ್ಳದ ಬಗೆಯದಾಗಿರಬೇಕು. ಮುಂದೆ ನಾವು ಹತ್ತು ಮಿಲಿಸೆಕೆಂಡುಗಳ ವ್ಯತ್ಯಾಸದ ಮೇಲೆ ತೀರ್ಮಾನ ಕೈಗೊಳ್ಳುವವರಿರುವಾಗ ಶೋಧಕವೇ ಕಾಲವನ್ನು ಕದಲಿಸಿದರೆ ಎಲ್ಲವೂ ವ್ಯರ್ಥ. ಕೆಟ್ಟ ಚಾನೆಲ್‌ಗಳನ್ನು ತೆಗೆದುಹಾಕಿದ ಮೇಲೆಯೇ ಇಇಜಿಯನ್ನು ಎಲ್ಲ ಎಲೆಕ್ಟ್ರೋಡ್‌ಗಳ ಸರಾಸರಿಗೆ ಹೋಲಿಸಿದ ರೂಪಕ್ಕೆ ಬದಲಿಸಬೇಕು. ತೆಗೆಯುವ ಮುನ್ನ ಬದಲಿಸಿದರೆ ಒಂದು ಸಡಿಲ ಎಲೆಕ್ಟ್ರೋಡಿನ ಗದ್ದಲ ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ಕಣ್ಣಿನ ಮತ್ತು ಹೃದಯದ ಸಂಕೇತಗಳನ್ನು, ದಾಖಲೆಯನ್ನು ಸ್ವತಂತ್ರ ಘಟಕಗಳಾಗಿ ಬಿಡಿಸುವ ಐಸಿಎ ವಿಧಾನದಿಂದ ತೆಗೆಯುವಾಗ, ತೆಗೆಯುತ್ತಿರುವ ಘಟಕದೊಳಗೆ ಸ್ಪೈಕ್ ಸೇರಿಲ್ಲವೆಂದು ಪ್ರತಿ ಬಾರಿಯೂ ಪರೀಕ್ಷಿಸಬೇಕು. ಹಣೆಯ ಭಾಗದ ಸ್ಪೈಕ್‌ಗಳು ಕಣ್ಣಿನ ಘಟಕದೊಂದಿಗೆ ಹೊರಟುಹೋಗುವ ಅಪಾಯ ಇದ್ದೇ ಇದೆ. 306 ಚಾನೆಲ್‌ಗಳ ಎಂಇಜಿ ದಾಖಲೆಗೆ ಟಿಎಸ್‌ಎಸ್‌ಎಸ್ ಹಾಕಿದ್ದರೆ ಅದರಲ್ಲಿ ಉಳಿಯುವ ಸ್ವತಂತ್ರ ಮಾಹಿತಿ ಸುಮಾರು 60–80 ಚಾನೆಲ್‌ಗಳಷ್ಟೇ ಆಗಿರುತ್ತದೆ. ಐಸಿಎಗೂ ಗದ್ದಲದ ಲೆಕ್ಕಕ್ಕೂ ಈ ಸಂಖ್ಯೆಯನ್ನು ತಿಳಿಸಬೇಕು.

ಈಗ ಸ್ಪೈಕ್. 20ರಿಂದ 70 ಮಿಲಿಸೆಕೆಂಡ್ ಅಗಲದ, ಹಿನ್ನೆಲೆಯಿಂದ ಸ್ಪಷ್ಟವಾಗಿ ಎದ್ದು ನಿಲ್ಲುವ, ಸಾಮಾನ್ಯವಾಗಿ ಹಿಂದೆಯೇ ಒಂದು ನಿಧಾನ ಅಲೆಯನ್ನು ಎಳೆದು ತರುವ ಚೂಪು ಅಲೆಯನ್ನು ಸ್ಪೈಕ್ ಎನ್ನುತ್ತೇವೆ; 70ರಿಂದ 200 ಮಿಲಿಸೆಕೆಂಡ್ ಇದ್ದರೆ ಅದು ಶಾರ್ಪ್ ವೇವ್. ಚೂಪಾಗಿರುವುದೆಲ್ಲ ಅಪಸ್ಮಾರವಲ್ಲ. ತೂಕಡಿಕೆಯಲ್ಲಿ ಟೆಂಪೊರಲ್ ಭಾಗದಲ್ಲಿ ಸಾಲಾಗಿ ಬರುವ ವಿಕೆಟ್ ಅಲೆಗಳು, ನಿದ್ದೆಯ ಆರಂಭದ ಚಿಕ್ಕ ಚೂಪು ಸ್ಪೈಕ್‌ಗಳು ಆರೋಗ್ಯವಂತರಲ್ಲೂ ಕಾಣುತ್ತವೆ. ಇವುಗಳನ್ನು ಲೆಕ್ಕಕ್ಕೆ ಕೊಟ್ಟರೂ ತಂತ್ರಾಂಶ ಮಿದುಳಿನ ಮೇಲೆ ಸುಂದರವಾದ ಕೆಂಪು ಬಣ್ಣದ ಮಚ್ಚೆಯೊಂದನ್ನು ತೋರಿಸಿಯೇ ತೋರಿಸುತ್ತದೆ. ಆದ್ದರಿಂದ ಸ್ಪೈಕ್ ಗುರುತಿಸುವ ಕೆಲಸವನ್ನು ಇಇಜಿ ಓದಿ ಪಳಗಿದವರೇ ಮಾಡಬೇಕು, ಸಾಧ್ಯವಾದರೆ ಇಬ್ಬರು ಬೇರೆ ಬೇರೆಯಾಗಿ ಮಾಡಿ ಹೋಲಿಸಬೇಕು. ಸ್ಪೈಕೇ ಇಲ್ಲದಿದ್ದರೆ ಈ ದಾರಿ ಅಲ್ಲಿಗೇ ನಿಲ್ಲುತ್ತದೆ. ದಕ್ಷಿಣ ಕರ್ನಾಟಕದಲ್ಲಿ ವೈದ್ಯರಿಗೆ ಚಿರಪರಿಚಿತವಾದ, ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಅಪಸ್ಮಾರದಲ್ಲಿ ಸೆಳವುಗಳ ನಡುವಿನ ಇಇಜಿ ಬಹುಪಾಲು ಮಂದಿಯಲ್ಲಿ ಸಹಜವಾಗಿಯೇ ಇರುತ್ತದೆ. ಅಂತಹ ದಾಖಲೆಯಿಂದ ಮೂಲ ಹುಡುಕಲು ಹೊರಡುವುದರಲ್ಲಿ ಅರ್ಥವಿಲ್ಲ.

ಗುರುತಿಸಿದ ಸ್ಪೈಕ್‌ಗಳನ್ನು ಗುಂಪುಗಳಾಗಿ ಬೇರ್ಪಡಿಸಬೇಕು. ಅಲೆಯ ಆಕಾರ ಒಂದೇ ಇದ್ದರೆ ಸಾಲದು, ತಲೆಯ ಮೇಲೆ ವೋಲ್ಟೇಜ್ ಹರಡಿರುವ ನಕ್ಷೆಯೂ ಒಂದೇ ಇರಬೇಕು. ಎಡ ಟೆಂಪೊರಲ್ ಸ್ಪೈಕ್‌ಗಳನ್ನು ಬಲ ಟೆಂಪೊರಲ್ ಸ್ಪೈಕ್‌ಗಳ ಜೊತೆ ಬೆರೆಸಿ ಸರಾಸರಿ ತೆಗೆದರೆ ಬರುವ ಮೂಲ ಎರಡರ ನಡುವೆ ಎಲ್ಲೋ ಇರುತ್ತದೆ. ಅಲ್ಲಿ ನಿಜವಾಗಿ ಏನೂ ನಡೆದಿರುವುದಿಲ್ಲ. ಒಂದೇ ಬಗೆಯ ಸ್ಪೈಕ್‌ಗಳನ್ನು ಅವುಗಳ ಶಿಖರಕ್ಕೆ ಸರಿಯಾಗಿ ಜೋಡಿಸಿ ಸರಾಸರಿ ತೆಗೆದಾಗ ಸಂಕೇತದ ಸ್ಪಷ್ಟತೆ ಸಂಖ್ಯೆಯ ವರ್ಗಮೂಲದಷ್ಟು ಹೆಚ್ಚುತ್ತದೆ: 25 ಸ್ಪೈಕ್ ಸೇರಿಸಿದರೆ ಐದು ಪಟ್ಟು.

ಶಿಖರಕ್ಕೆ ಜೋಡಿಸಿದ ಮಾತ್ರಕ್ಕೆ ಶಿಖರದಲ್ಲೇ ಮೂಲವನ್ನು ಹುಡುಕಬಾರದು. ಇಡೀ ಕ್ರಮದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ ಎಂದು ನಾನು ತಿಳಿದಿದ್ದೇನೆ. ಸ್ಪೈಕ್ ಒಂದು ಕಡೆ ಹುಟ್ಟಿ ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಅಕ್ಕಪಕ್ಕಕ್ಕೂ ದೂರಕ್ಕೂ ಹಬ್ಬುತ್ತದೆ. ಅಲೆ ತನ್ನ ಎತ್ತರದ ತುದಿ ಮುಟ್ಟುವ ಹೊತ್ತಿಗೆ ಅನೇಕ ವೇಳೆ ಹಬ್ಬಿ ಆಗಿರುತ್ತದೆ. ತೀರಾ ಆರಂಭದ ಕ್ಷಣ ಸ್ಥಳದ ದೃಷ್ಟಿಯಿಂದ ಶುದ್ಧ, ಆದರೆ ಅಲ್ಲಿ ಸಂಕೇತ ಗದ್ದಲದಲ್ಲಿ ಮುಳುಗಿರುತ್ತದೆ. ಈ ಎರಡರ ನಡುವಿನ ರಾಜಿಯಾಗಿ, ಏರುಹಂತದ ಅರ್ಧದಷ್ಟು ಎತ್ತರದ ಕ್ಷಣವನ್ನು ತೆಗೆದುಕೊಳ್ಳುವುದು ಈಗ ಒಪ್ಪಿತವಾದ ರೂಢಿ.

ಕೈಯಲ್ಲಿ ಹೇಗೆ ಮಾಡುವುದೆಂದು ಒಂದು ಮಾದರಿ ನೋಡೋಣ. ಸರಾಸರಿ ತೆಗೆದ ಎಡ ಟೆಂಪೊರಲ್ ಸ್ಪೈಕನ್ನು ಪರದೆಯ ಮೇಲೆ ಹರಡಿ, ಶಿಖರಕ್ಕೆ 40 ಮಿಲಿಸೆಕೆಂಡ್ ಮೊದಲಿನಿಂದ ಆರಂಭಿಸಿ ಐದೈದು ಮಿಲಿಸೆಕೆಂಡಿಗೆ ಒಂದರಂತೆ ವೋಲ್ಟೇಜ್ ನಕ್ಷೆಗಳನ್ನು ಸಾಲಾಗಿ ಬಿಡಿಸಬೇಕು. ಮೊದಲ ಒಂದೆರಡು ನಕ್ಷೆಗಳಲ್ಲಿ ಗುರುತು ಸಿಗುವುದಿಲ್ಲ. ನಂತರ ಎಫ್9, ಟಿ9 ಸುತ್ತ ಋಣಭಾಗವೂ ನೆತ್ತಿಯ ಮೇಲೆ ಅಗಲವಾದ ಧನಭಾಗವೂ ಮೂಡಿದರೆ, ಪ್ರವಾಹ ಹೆಚ್ಚುಕಡಿಮೆ ಲಂಬವಾಗಿ ನಿಂತಿದೆ, ಅಂದರೆ ಟೆಂಪೊರಲ್ ಹಾಲೆಯ ತಳಭಾಗ ಕೆಲಸ ಮಾಡುತ್ತಿದೆ ಎಂದು ಊಹಿಸಬಹುದು. ಶಿಖರದ ಹೊತ್ತಿಗೆ ಋಣಭಾಗ ಮೇಲೇರಿ ಟಿ7ರ ಬಳಿ ನಿಂತು ಧನಭಾಗ ಎದುರು ಬದಿಗೆ ಸರಿದಿದ್ದರೆ, ಚಟುವಟಿಕೆ ಈಗ ಹಾಲೆಯ ಹೊರಬದಿಗೆ ಹಬ್ಬಿದೆ. ಯಾವ ಗಣಿತವನ್ನೂ ಬಳಸದೆ, ಬರಿಯ ನಕ್ಷೆಗಳ ಸಾಲಿನಿಂದಲೇ ಹುಟ್ಟಿದ ಜಾಗ ಮತ್ತು ಹಬ್ಬಿದ ಜಾಗ ಬೇರೆ ಬೇರೆ ಎಂದು ಇಲ್ಲಿ ತಿಳಿಯಿತು. ಶಿಖರವನ್ನೇ ನಂಬಿದ್ದರೆ ಹಾಲೆಯ ಹೊರಬದಿಯನ್ನು ಮೂಲವೆಂದು ಬರೆದುಬಿಡುತ್ತಿದ್ದೆವು. ನಕ್ಷೆ ಏರುಹಂತದುದ್ದಕ್ಕೂ ಬದಲಾಗದೆ ನಿಂತು ಬರಿಯ ಬಣ್ಣ ಗಾಢವಾಗುತ್ತಾ ಹೋದರೆ ಮೂಲ ಒಂದೇ ಎಂದು ನಂಬಲು ಆಧಾರ ಸಿಗುತ್ತದೆ.

ಮಕ್ಕಳಲ್ಲಿ ಕಾಣುವ ರೊಲ್ಯಾಂಡಿಕ್ ಸ್ಪೈಕ್ ಇನ್ನೊಂದು ಪಾಠವನ್ನು ಕಲಿಸುತ್ತದೆ. ಅದರ ಋಣಶಿಖರ ತಲೆಯ ಪಕ್ಕದ ನಡುಭಾಗದಲ್ಲಿಯೂ ಧನಶಿಖರ ಹಣೆಯ ಕಡೆಗೂ ಇರುತ್ತದೆ. ಋಣಭಾಗ ಅತಿ ಹೆಚ್ಚಿರುವ ಎಲೆಕ್ಟ್ರೋಡಿನ ನೇರ ಕೆಳಗೆ ಮೂಲವಿದೆ ಎಂಬ ಸರಳ ನಿಯಮ ಇಲ್ಲಿ ಸೋಲುತ್ತದೆ. ಪ್ರವಾಹ ಬುರುಡೆಗೆ ಸಮಾಂತರವಾಗಿರುವುದರಿಂದ ಮೂಲ ಎರಡು ಧ್ರುವಗಳ ನಡುವೆ, ಸೆಂಟ್ರಲ್ ಸಲ್ಕಸ್‌ನ ಕೆಳಭಾಗದ ಆಸುಪಾಸಿನಲ್ಲಿದೆ. ನಕ್ಷೆ ಓದುವಾಗ ಧನಭಾಗ ಎಲ್ಲಿದೆ ಎಂದು ಹುಡುಕುವ ಅಭ್ಯಾಸವನ್ನು ಈ ಸ್ಪೈಕ್‌ಗಳಿಂದಲೇ ಬೆಳೆಸಿಕೊಳ್ಳಬಹುದು.

ತಲೆಯ ಮಾದರಿ

ಮಿದುಳಿನ ಇಂತಹ ಜಾಗದಲ್ಲಿ ಇಷ್ಟು ಪ್ರವಾಹವಿದ್ದರೆ ಹೊರಗೆ ಏನು ಕಾಣಬೇಕು ಎಂಬ ಲೆಕ್ಕಕ್ಕೆ ತಲೆಯ ಮಾದರಿ ಬೇಕು. ಎಂಇಜಿಗೆ ಬುರುಡೆಯ ಒಳಮೈಯ ಆಕಾರವೊಂದೇ ಬಹುಮಟ್ಟಿಗೆ ಸಾಕು. ಇಇಜಿಗೆ ಕನಿಷ್ಠ ಮೂರು ಪದರಗಳು, ಅಂದರೆ ಮಿದುಳು, ಬುರುಡೆ, ಚರ್ಮ ಬೇಕು. ಮಿದುಳನ್ನು ಸುತ್ತುವರಿದ ದ್ರವವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಬುರುಡೆಯ ವಾಹಕತೆ ಮಿದುಳಿನದ್ದಕ್ಕಿಂತ 80 ಪಟ್ಟು ಕಡಿಮೆ ಎಂಬ ಹಳೆಯ ಅಂಕಿ ಇಂದಿಗೂ ಕೆಲವು ತಂತ್ರಾಂಶಗಳಲ್ಲಿ ತಾನಾಗಿಯೇ ತುಂಬಿಕೊಂಡಿರುತ್ತದೆ. ಈಚಿನ ಅಳತೆಗಳು ಅದನ್ನು 20ರ ಆಸುಪಾಸಿಗೆ ಇಳಿಸಿವೆ. ಈ ಒಂದು ಅಂಕಿ ತಪ್ಪಿದರೆ ಮೂಲದ ಆಳ ತಪ್ಪುತ್ತದೆ. ಚಿಕ್ಕ ಮಕ್ಕಳ ಬುರುಡೆ ತೆಳು. ಹಿಂದೆ ತಲೆಗೆ ಶಸ್ತ್ರಚಿಕಿತ್ಸೆಯಾದವರ ಬುರುಡೆಯಲ್ಲಿ ರಂಧ್ರವಿರುತ್ತದೆ, ಅದರ ಮೇಲಿನ ಎಲೆಕ್ಟ್ರೋಡ್ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಇಂತಹವರ ರಂಧ್ರವನ್ನು ಮಾದರಿಯಲ್ಲಿ ಸೇರಿಸಬೇಕು, ಇಲ್ಲವೇ ಎಂಇಜಿಯನ್ನು ಹೆಚ್ಚು ನಂಬಬೇಕು.

ಹಿಂದಕ್ಕೆ ಲೆಕ್ಕ ಹಾಕುವುದು

ಹೊರಗಿನ ಅಳತೆಯಿಂದ ಒಳಗಿನ ಪ್ರವಾಹವನ್ನು ಒಂದೇ ಒಂದು ಬಗೆಯಲ್ಲಿ ನಿರ್ಧರಿಸಲು ಸಾಧ್ಯವಿಲ್ಲ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ 1853ರಲ್ಲಿಯೇ ತೋರಿಸಿಕೊಟ್ಟಿದ್ದರು. ಒಂದೇ ಅಳತೆಗೆ ಹೊಂದುವ ಉತ್ತರಗಳು ಅನಂತ. ಪ್ರತಿಯೊಂದು ವಿಧಾನವೂ ತನ್ನದೇ ಒಂದು ಪೂರ್ವಕಲ್ಪನೆಯನ್ನು ಸೇರಿಸಿ ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಬಳಸುವವರಿಗೆ ಆ ಪೂರ್ವಕಲ್ಪನೆ ಯಾವುದೆಂದು ಗೊತ್ತಿರಬೇಕು.

ಏಕ ಡೈಪೋಲ್ ವಿಧಾನ ಮೂಲ ಒಂದೇ, ಅದೂ ಬಿಂದುವಿನಂತೆ ಚಿಕ್ಕದು ಎಂದು ನಂಬುತ್ತದೆ. ಆಸ್ಪತ್ರೆಯ ಎಂಇಜಿ ವರದಿಗಳಲ್ಲಿ ಇಂದಿಗೂ ಇದೇ ಮುಖ್ಯ ವಿಧಾನ, ಮತ್ತು ಸರಿಯಾದ ಸ್ಪೈಕಿಗೆ ಇದು ಪ್ರಾಮಾಣಿಕವಾದ ವಿಧಾನವೂ ಹೌದು, ಏಕೆಂದರೆ ತನ್ನ ಕಲ್ಪನೆ ಹೊಂದದಿದ್ದಾಗ ಅದು ಅಂಕಿಗಳಲ್ಲಿ ಹೇಳಿಬಿಡುತ್ತದೆ. ಅಳತೆಯ ಎಷ್ಟು ಭಾಗವನ್ನು ಡೈಪೋಲ್ ವಿವರಿಸಿತು ಎಂಬ ಶೇಕಡಾವಾರು 80ಕ್ಕಿಂತ ಕಡಿಮೆಯಿದ್ದರೆ ಅದನ್ನು ಬಿಡಬೇಕು. ಹೆಚ್ಚಿದ್ದರೂ ವಿಶ್ವಾಸದ ಗಾತ್ರ, ಅಂದರೆ ಮೂಲ ಇರಬಹುದಾದ ಪ್ರದೇಶದ ಘನ ಅಳತೆ, ಚಿಕ್ಕದಾಗಿದೆಯೇ ಎಂದು ನೋಡಬೇಕು. ಡೈಪೋಲಿನ ಬಲ ಸಾವಿರಾರು ನ್ಯಾನೊಆಂಪಿಯರ್ ಮೀಟರ್ ಎಂದು ಬಂದರೆ ಅದು ಮಿದುಳಿಗೆ ಸಾಧ್ಯವಾದ ಬಲವಲ್ಲ; ಲೆಕ್ಕ ಅಸಹಜ ಆಳಕ್ಕೆ ಇಳಿದಿದೆ ಎಂದು ತಿಳಿಯಬೇಕು. ಅಗಲವಾದ ಹರಹು ಕೆಲಸ ಮಾಡಿದಾಗಲೂ ಏಕ ಡೈಪೋಲ್ ನಿಜಕ್ಕಿಂತ ಆಳದಲ್ಲಿ ಕೂರುತ್ತದೆ. ಸರಾಸರಿಯೊಂದಿಗೆ ಬಿಡಿ ಸ್ಪೈಕ್‌ಗಳ ಡೈಪೋಲ್‌ಗಳನ್ನೂ ಬಿಡಿಸಿ ನೋಡಬೇಕು: ಅವು ಒಂದೇ ಕಡೆ ಒತ್ತಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತರೆ ಆ ಗುಂಪಿಗೆ ಬೆಲೆಯಿದೆ, ಹಾಲೆಯ ತುಂಬ ಚೆದುರಿದ್ದರೆ ಇಲ್ಲ.

ಹರಡಿದ ಮೂಲಗಳ ವಿಧಾನಗಳು ಕಾರ್ಟೆಕ್ಸ್‌ನ ಸಾವಿರಾರು ಬಿಂದುಗಳಿಗೂ ಒಮ್ಮೆಗೇ ಬಲವನ್ನು ಹಂಚುತ್ತವೆ. ಒಟ್ಟು ಬಲ ಅತಿ ಕಡಿಮೆ ಇರುವ ಉತ್ತರವನ್ನು ಆರಿಸುವ ಕನಿಷ್ಠ ನಾರ್ಮ್ ವಿಧಾನ ಮೇಲ್ಮೈಯ ಮೂಲಗಳತ್ತ ವಾಲುತ್ತದೆ, ಆದ್ದರಿಂದ ಆಳಕ್ಕೆ ತಕ್ಕ ತೂಕ ಸೇರಿಸಬೇಕು. 2002ರಲ್ಲಿ ಬಂದ ಎಸ್‌ಲೊರೆಟಾ ಎಂಬ ಇನ್ನೊಂದು ವಿಧಾನ ಗದ್ದಲವಿಲ್ಲದ ಏಕಮೂಲವನ್ನು ಸರಿಯಾದ ಜಾಗದಲ್ಲೇ ತೋರಿಸುತ್ತದೆ, ಆದರೆ ನಿಜಕ್ಕಿಂತ ಬಹಳ ಅಗಲವಾಗಿ. ಆ ಬಣ್ಣದ ಅಂಚನ್ನು ರೋಗವಿರುವ ಭಾಗದ ಅಂಚೆಂದು ತಿಳಿಯುವುದು ದೊಡ್ಡ ತಪ್ಪು, ಏಕೆಂದರೆ ಅದು ನೀವು ಎಳೆದ ಮಿತಿರೇಖೆಯ ಪ್ರಕಾರ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದೊಂದು ಜಾಗದ ಸಂಕೇತವನ್ನು ಮಾತ್ರ ಸೋಸಿ ತೆಗೆಯುವ ಬೀಮ್‌ಫಾರ್ಮರ್ ವಿಧಾನ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಎರಡೂ ಬದಿಯಲ್ಲಿ ಒಟ್ಟಿಗೆ ಏಳುವ ಮೂಲಗಳನ್ನು ಪರಸ್ಪರ ಅಳಿಸಿಬಿಡಬಹುದು.

ಈ ಎಲ್ಲಕ್ಕೂ ಗದ್ದಲದ ಅಂದಾಜು ಬೇಕು. ಖಾಲಿ ಕೋಣೆಯ ದಾಖಲೆ ಯಂತ್ರದ ಗದ್ದಲವನ್ನಷ್ಟೇ ಹೇಳುತ್ತದೆ. ಸ್ಪೈಕಿನ ವಿಷಯದಲ್ಲಿ ಅದೇ ರೋಗಿಯ, ಅದೇ ನಿದ್ದೆಯ ಹಂತದ, ಸ್ಪೈಕ್ ಇಲ್ಲದ ತುಣುಕುಗಳನ್ನು ಬಳಸಿದರೆ ಮಿದುಳಿನ ಹಿನ್ನೆಲೆ ಅಲೆಗಳೂ ಲೆಕ್ಕದಿಂದ ಹೊರಗುಳಿಯುತ್ತವೆ. ನಾನು ಒಂದೇ ವಿಧಾನವನ್ನು ನಂಬುವುದಿಲ್ಲ: ಏಕ ಡೈಪೋಲ್ ಮತ್ತು ಒಂದು ಹರಡಿದ ಮೂಲದ ವಿಧಾನ ಎರಡನ್ನೂ ಏರುಹಂತದ ಅದೇ ಕ್ಷಣಕ್ಕೆ ಹಾಕಿ, ಎರಡೂ ಒಂದೇ ಗೈರಸ್ ಸುತ್ತ ಬಂದರೆ ಮುಂದುವರಿಯುತ್ತೇನೆ. ಬಾರದಿದ್ದರೆ ಗಣಿತವನ್ನು ಬದಲಿಸುವ ಮುನ್ನ ಸ್ಪೈಕ್‌ಗಳ ಗುಂಪಿಗೆ ಮರಳುತ್ತೇನೆ. ತೊಡಕು ಬಹುತೇಕ ಅಲ್ಲೇ ಇರುತ್ತದೆ.

ಉತ್ತರವನ್ನು ಪರೀಕ್ಷಿಸುವುದು

ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅದೇ ವ್ಯವಸ್ಥೆಗೆ ಕೇಳುವುದು ಅತ್ಯುತ್ತಮ ಪರೀಕ್ಷೆ. ಮಣಿಕಟ್ಟಿನ ಮೀಡಿಯನ್ ನರವನ್ನು ಸಣ್ಣ ವಿದ್ಯುತ್ ತಟ್ಟುಗಳಿಂದ ಪ್ರಚೋದಿಸಿದರೆ ಸುಮಾರು 20 ಮಿಲಿಸೆಕೆಂಡಿಗೆ ಎದುರು ಬದಿಯ ಸೆಂಟ್ರಲ್ ಸಲ್ಕಸ್‌ನ ಹಿಂಗೋಡೆಯಲ್ಲಿ, ಕೈಯ ಪ್ರದೇಶದಲ್ಲಿ ಪ್ರತಿಕ್ರಿಯೆ ಏಳುತ್ತದೆ. ಅದೇ ರೋಗಿಯ ಅದೇ ದಿನದ ದಾಖಲೆಯಲ್ಲಿ ಈ ಪ್ರತಿಕ್ರಿಯೆಯನ್ನು ನಿಮ್ಮ ಲೆಕ್ಕ ಸರಿಯಾದ ಬದಿಯಲ್ಲಿ, ಸರಿಯಾದ ಗೋಡೆಯ ಮೇಲೆ ತೋರಿಸಿದರೆ ಹೊಂದಾಣಿಕೆ, ತಲೆಯ ಮಾದರಿ, ಎಡ–ಬಲ ಎಲ್ಲವೂ ಒಟ್ಟಿಗೆ ಪರೀಕ್ಷೆಗೊಳಪಟ್ಟಂತೆ. ಕಾಲು ಗಂಟೆಯೊಳಗೆ ಮುಗಿಯುವ ಈ ಕೆಲಸವನ್ನು ಬಿಡಬಾರದು.

ಆಮೇಲೆ ಉತ್ತರ ಎಷ್ಟು ಗಟ್ಟಿ ಎಂದು ಅಲುಗಾಡಿಸಿ ನೋಡಬೇಕು. ಕ್ಷಣವನ್ನು ಐದು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ, ಬುರುಡೆಯ ವಾಹಕತೆಯನ್ನು ಸ್ವಲ್ಪ ಬದಲಿಸಿ, ಸ್ಪೈಕ್‌ಗಳ ಅರ್ಧ ಗುಂಪನ್ನು ಮಾತ್ರ ಬಳಸಿ ಮತ್ತೆ ಲೆಕ್ಕ ಹಾಕಬೇಕು. ಪ್ರತಿ ಬಾರಿಯೂ ಬೇರೆ ಹಾಲೆಗೆ ಹಾರುವ ಉತ್ತರ ಉತ್ತರವಲ್ಲ.

ಕೊನೆಗೆ ಆ ಜಾಗವನ್ನು ಕೈಯಲ್ಲಿ ಹಿಡಿದು ಎಂಆರ್‌ಐ ಚಿತ್ರಕ್ಕೆ ಮರಳಬೇಕು. ಸಲ್ಕಸ್‌ನ ತಳದಲ್ಲಿ ಅಡಗಿರುವ ಚಿಕ್ಕ ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಅಂದರೆ ಹುಟ್ಟಿನಿಂದಲೇ ಸರಿಯಾಗಿ ಜೋಡಣೆಯಾಗದ ಕಾರ್ಟೆಕ್ಸ್, ಇಡೀ ಮಿದುಳನ್ನು ಮೊದಲ ಬಾರಿ ನೋಡುವಾಗ ತಪ್ಪಿಹೋಗಿರಬಹುದು. ಇದೇ ಗೈರಸನ್ನು ನೋಡಿ ಎಂದು ರೇಡಿಯಾಲಜಿಸ್ಟರಿಗೆ ತೋರಿಸಿದಾಗ, ಕಾರ್ಟೆಕ್ಸ್ ಅಲ್ಲಿ ದಪ್ಪವಾಗಿರುವುದು, ಬೂದು ಮತ್ತು ಬಿಳಿ ಭಾಗಗಳ ಗೆರೆ ಮಸುಕಾಗಿರುವುದು ಕಂಡುಬರುವುದುಂಟು. ಸಹಜವೆಂದು ಕರೆದಿದ್ದ ಎಂಆರ್‌ಐ ಹೀಗೆ ಸಹಜವಲ್ಲವೆಂದು ತಿಳಿದುಬಂದರೆ ರೋಗಿಯ ಮುಂದಿನ ದಾರಿಯೇ ಬದಲಾಗುತ್ತದೆ. ಮೂಲ ಹುಡುಕುವ ಶ್ರಮದ ಅತಿ ದೊಡ್ಡ ಫಲ ಇದೆಂದು ನನಗೆ ಅನಿಸುತ್ತದೆ.

ವರದಿ

ವರದಿಯಲ್ಲಿ ಎಷ್ಟು ಸ್ಪೈಕ್‌ಗಳು ಕಂಡವು, ಎಷ್ಟು ಬಗೆಯವು, ಎಷ್ಟನ್ನು ಬಳಸಲಾಯಿತು, ಯಾವ ಕ್ಷಣ, ಯಾವ ತಲೆ ಮಾದರಿ, ಯಾವ ವಿಧಾನ, ವಿಶ್ವಾಸದ ಗಾತ್ರ ಎಷ್ಟು ಎಂಬುದೆಲ್ಲ ಇರಬೇಕು. ಏರುಹಂತದ ಮೂಲವನ್ನೂ ಶಿಖರದ ಮೂಲವನ್ನೂ ಬೇರೆ ಬೇರೆಯಾಗಿ ಬರೆದರೆ ಹಬ್ಬುವ ದಾರಿ ಓದುವವರಿಗೆ ತಿಳಿಯುತ್ತದೆ. ಸಿಕ್ಕಿರುವುದು ಸೆಳವುಗಳ ನಡುವಿನ ಸ್ಪೈಕ್‌ಗಳ ಮೂಲ. ಸೆಳವೇ ಆರಂಭವಾಗುವ ಜಾಗ ಅದರ ಜೊತೆ ಅನೇಕ ವೇಳೆ ಹೊಂದುತ್ತದೆ, ಯಾವಾಗಲೂ ಅಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದ 152 ರೋಗಿಗಳ ಮೇಲೆ ಜಿನೀವಾದ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಎಲೆಕ್ಟ್ರೋಡ್‌ಗಳೂ ರೋಗಿಯ ಸ್ವಂತ ಎಂಆರ್‌ಐಯೂ ಇದ್ದಾಗ ಇಇಜಿ ಮೂಲಶೋಧದ ಸಂವೇದನಾಶೀಲತೆ (ಶಸ್ತ್ರಚಿಕಿತ್ಸೆ ಫಲಿಸಿದವರಲ್ಲಿ, ಲೆಕ್ಕದ ಮೂಲ ಕತ್ತರಿಸಿ ತೆಗೆದ ಭಾಗದೊಳಗೆ ಇದ್ದವರ ಪಾಲು) ಶೇಕಡಾ 84, ನಿರ್ದಿಷ್ಟತೆ (ಫಲಿಸದವರಲ್ಲಿ, ಮೂಲ ಆ ಭಾಗದ ಹೊರಗೆ ಇದ್ದವರ ಪಾಲು) ಶೇಕಡಾ 88 ಎಂದು ಕಂಡುಬಂತು. ಒಳ್ಳೆಯ ಅಂಕಿಗಳೇ, ಆದರೆ ಇದೊಂದನ್ನೇ ನಂಬಿ ಮಿದುಳನ್ನು ಕತ್ತರಿಸುವಷ್ಟಲ್ಲ. ಸೆಳವಿನ ವಿಡಿಯೊ, ಪೆಟ್ ಸ್ಕ್ಯಾನ್, ನ್ಯೂರೋಸೈಕಾಲಜಿ ಪರೀಕ್ಷೆ ಇವುಗಳ ಪಕ್ಕದಲ್ಲಿಟ್ಟು, ಅಗತ್ಯವಿದ್ದರೆ ಮಿದುಳಿನೊಳಗೆ ಎಲೆಕ್ಟ್ರೋಡ್ ಇಳಿಸಿ ನೋಡಲು ಜಾಗ ಆರಿಸುವುದಕ್ಕೆ ಇದನ್ನು ಬಳಸಬೇಕು. ಸ್ಪೈಕ್‌ಗಳು ಕಡಿಮೆಯಿದ್ದಾಗ, ಗುಂಪು ಚೆದುರಿದ್ದಾಗ, ಮೂಲವನ್ನು ಗುರುತಿಸಲಾಗಲಿಲ್ಲ ಎಂದು ಬರೆಯುವುದು ಪೂರ್ಣ ಅರ್ಥದ ವರದಿಯೇ. ಆ ಸಾಲನ್ನು ಬರೆಯಲು ಹಿಂಜರಿಯಬಾರದು.

ಕಲಿಯುವವರಿಗೆ ಬ್ರೈನ್‌ಸ್ಟಾರ್ಮ್, ಎಂಎನ್‌ಇ–ಪೈಥಾನ್, ಫೀಲ್ಡ್‌ಟ್ರಿಪ್ ಎಂಬ ಉಚಿತ ತಂತ್ರಾಂಶಗಳಿವೆ. ಬ್ರೈನ್‌ಸ್ಟಾರ್ಮ್‌ನ ಪಾಠಗಳಲ್ಲಿ ಜರ್ಮನಿಯ ಫ್ರೈಬರ್ಗ್ ಅಪಸ್ಮಾರ ಕೇಂದ್ರದಲ್ಲಿ ದಾಖಲಿಸಿದ ಒಬ್ಬ ರೋಗಿಯ ಇಇಜಿ, ತಜ್ಞರು ಗುರುತು ಹಾಕಿದ ಸ್ಪೈಕ್‌ಗಳ ಸಮೇತ ಸಿಗುತ್ತದೆ. ಆ ಗುರುತುಗಳನ್ನು ಮೊದಲು ಮರೆಮಾಡಿ ಸ್ಪೈಕ್‌ಗಳನ್ನು ನೀವೇ ಗುರುತಿಸಿ, ನಿಮ್ಮ ಸರಾಸರಿಯಿಂದ ಒಂದು ಮೂಲವನ್ನೂ ತಜ್ಞರ ಗುರುತುಗಳಿಂದ ಇನ್ನೊಂದನ್ನೂ ಲೆಕ್ಕ ಹಾಕಿ, ಎರಡರ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಅಂತರ ದೊಡ್ಡದಿದ್ದರೆ ನೀವು ಸೇರಿಸಿದ ಯಾವ ಸ್ಪೈಕ್‌ಗಳನ್ನು ತಜ್ಞರು ಬಿಟ್ಟಿದ್ದಾರೆಂದು ಒಂದೊಂದನ್ನೇ ತೆರೆದು, ಅದರ ನಕ್ಷೆಯನ್ನು ಉಳಿದವುಗಳ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ.